ಮೈಕ್ ಒಂದೇ, ಸರದಿ ಒಬ್ಬೊಬ್ಬರದು: ನಮ್ಮ ಸಭೆಯಲ್ಲಿ ಆತ್ಮಿಕ ವರಗಳ ಬಳಕೆ

ಶಿವಮೊಗ್ಗ ಕಡೆಯ ನಮ್ಮ ಕ್ರೈಸ್ತ ಸಭೆಯ ಭಾನುವಾರದ ಆರಾಧನೆಯಲ್ಲಿ ಪವಿತ್ರಾತ್ಮನು ಕೊಡುವ ವರಗಳಾದ ಅನ್ಯಭಾಷೆ (ಆತ್ಮನ ಪ್ರೇರಣೆಯಿಂದ, ತಾವು ಕಲಿಯದ ಭಾಷೆಯಲ್ಲಿ ಆಡುವ ಮಾತು), ಪ್ರವಾದನೆ (ದೇವರು ತೋಚಿಸಿದ್ದೆಂದು ಸಭೆಗೆ ಹೇಳುವ ಮಾತು), ರೋಗಿಗಳಿಗಾಗಿ ಪ್ರಾರ್ಥನೆ ಎಲ್ಲಕ್ಕೂ ಜಾಗವಿದೆ. ಕ್ರಮವನ್ನು ಬೈಬಲಿನ 1 ಕೊರಿಂಥ (ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರ) 14ನೇ ಅಧ್ಯಾಯದಿಂದಲೇ ತೆಗೆದುಕೊಂಡಿದ್ದೇವೆ.

ಸಭೆಗೆ ಕೇಳುವಂತೆ ಅನ್ಯಭಾಷೆಯಲ್ಲಿ ಮಾತಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು. ತಮ್ಮಷ್ಟಕ್ಕೆ ಮೆಲ್ಲಗೆ ಪ್ರಾರ್ಥಿಸುವವರನ್ನು ತಡೆಯುವುದಿಲ್ಲ. ಒಬ್ಬರು ಮುಗಿಸಿದ ಕೂಡಲೇ ಕೀಬೋರ್ಡ್, ಡ್ರಮ್ ಎರಡೂ ನಿಲ್ಲಬೇಕು. ಒಂದು ನಿಮಿಷ ಕಾಯುತ್ತೇವೆ. ಅರ್ಥ ಹೇಳುವವರು ಏಳದಿದ್ದರೆ, "ಇನ್ನು ಮನಸ್ಸಿನಲ್ಲೇ ಪ್ರಾರ್ಥಿಸೋಣ" ಎಂದು ಆರಾಧನೆ ನಡೆಸುವವರು ಹಾಡು ಎತ್ತಿಕೊಳ್ಳುತ್ತಾರೆ. ವಾದ್ಯ ನಿಲ್ಲಿಸದೆ ಹೋದರೆ ಕೆಲಸ ಕೆಡುತ್ತದೆ. ಕೀಬೋರ್ಡಿನವರು ಸ್ವರ ಏರಿಸುತ್ತಾ ಹೋದಷ್ಟೂ ಜನ ಉದ್ವೇಗವನ್ನೇ ಆತ್ಮನ ಪ್ರೇರಣೆ ಅಂದುಕೊಳ್ಳುತ್ತಾರೆ. ಅಂದಹಾಗೆ, ಭದ್ರಾವತಿಯ ತಮಿಳರು, ಎನ್.ಆರ್.ಪುರದ ಮಲಯಾಳಿಗಳು ತಮ್ಮ ಮನೆಮಾತಿನಲ್ಲಿ ಪ್ರಾರ್ಥಿಸಿದರೆ ಅದು ಅನ್ಯಭಾಷೆಯ ವರವಲ್ಲ. ಪಕ್ಕದಲ್ಲಿ ಎರಡೂ ಭಾಷೆ ಬಲ್ಲವರೊಬ್ಬರು ನಿಂತು ಕನ್ನಡದಲ್ಲಿ ಹೇಳಿದರೆ ಆಯಿತು.

ಹೆಚ್ಚು ಜಾಗ್ರತೆ ಬೇಕಾದದ್ದು ಪ್ರವಾದನೆಗೆ. ಮುಂದಿನ ಬೆಂಚಿನ ತುದಿಯಲ್ಲಿ ಕೂರುವ ಹಿರಿಯರ ಕೈಯಲ್ಲೇ ಮೈಕ್ ಇರುತ್ತದೆ. ಹೇಳಬೇಕೆಂದವರು ಬಂದು ಒಂದೇ ವಾಕ್ಯದಲ್ಲಿ ವಿಷಯ ತಿಳಿಸಬೇಕು. ಅದೇ ಅಧ್ಯಾಯದ 3ನೇ ವಚನದಂತೆ ಭಕ್ತಿವೃದ್ಧಿ, ಪ್ರೋತ್ಸಾಹ, ಸಂತೈಸುವ ಮಾತಾದರೆ ಮೈಕ್ ಕೊಡುತ್ತಾರೆ, ಎರಡು ನಿಮಿಷ. "ಇಂಥವರು ಇಂಥವರನ್ನು ಮದುವೆಯಾಗಲಿ", "ಅಡಿಕೆ ತೋಟ ಮಾರಿಬಿಡಿ", "ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆ" ಎನ್ನುವಂಥದ್ದಕ್ಕೆ ಮೈಕ್ ಇಲ್ಲ. ಅದನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆರಾಧನೆ ಮುಗಿದ ಮೇಲೆ ಪಾಸ್ಟರೂ ಇಬ್ಬರು ಹಿರಿಯರೂ ಕೂತು ಪರಿಶೀಲಿಸುತ್ತಾರೆ. "ಕರ್ತನು ಹೀಗೆನ್ನುತ್ತಾನೆ" ಎಂದು ಶುರುಮಾಡಬೇಡಿ, "ನನಗೆ ಹೀಗೆ ತೋಚಿದೆ" ಅನ್ನಿ ಎಂದು ಮೊದಲೇ ಹೇಳಿರುತ್ತೇವೆ. ಕರ್ತನ ಹೆಸರು ಮುಂದಿಟ್ಟ ಮೇಲೆ ತಪ್ಪು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. 29ನೇ ವಚನವಾದರೋ ಉಳಿದವರು ವಿವೇಚಿಸಲಿ ಎನ್ನುತ್ತದೆ.

ಶುರುಮಾಡಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ. "ಆತ್ಮ ಬಂದಾಗ ತಡೆಯೋಕಾಗಲ್ಲ, ಅಣ್ಣಾ" ಅನ್ನುವವರಿಗೆ 32ನೇ ವಚನ ಓದಿಸುತ್ತೇವೆ: ಪ್ರವಾದಿಗಳ ಆತ್ಮಗಳು ಪ್ರವಾದಿಗಳ ಸ್ವಾಧೀನದಲ್ಲಿವೆ. ಕೂತಿದ್ದ ಇನ್ನೊಬ್ಬರಿಗೆ ಪ್ರಕಟನೆಯಾದರೆ ಮೊದಲನೆಯವರು ಸುಮ್ಮನಾಗಬೇಕು ಎಂದು 30ನೇ ವಚನದಲ್ಲೂ ಇದೆಯಲ್ಲ. ಮಾತು ಉದ್ದವಾದರೆ ಹಿರಿಯರು ಪಕ್ಕಕ್ಕೆ ಹೋಗಿ ಭುಜ ಮುಟ್ಟುತ್ತಾರೆ. ಆಗ "ಆಮೆನ್" ಅಂದು ಮೈಕ್ ಕೊಡುವುದು ವಾಡಿಕೆ.

ಜುಲೈ ತಿಂಗಳ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಪ್ರವಾದನೆಗೆ ಅವಕಾಶ ಕೊಡುವುದಿಲ್ಲ. ಕೇಳಿಸದ್ದನ್ನು ವಿವೇಚಿಸುವುದು ಹೇಗೆ? ಕಿರುಚಿದರೆ ಹೊಸಬರು ಹೆದರುತ್ತಾರೆ. ಕರೆಂಟ್ ಹೋದಾಗಲೂ ಅಷ್ಟೇ. ನಾಲ್ಕು ನಾಲ್ಕು ಜನ ಗುಂಪಾಗಿ ಕೂತು ಪ್ರಾರ್ಥಿಸುತ್ತೇವೆ.

ರೋಗಿಗಳಿಗಾಗಿ ಇಬ್ಬರು ಸೇರಿ ಪ್ರಾರ್ಥಿಸುತ್ತಾರೆ, ಹೆಂಗಸರಿಗೆ ಹೆಂಗಸರೇ. ಕೇಳಿಯೇ ಕೈ ಇಡಬೇಕು, ತಲೆ ಹಿಡಿದು ತಳ್ಳುವಂತಿಲ್ಲ. ಶುಗರ್, ಫಿಟ್ಸ್ ಮಾತ್ರೆ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ವಾಸಿಯಾಯಿತೆಂಬ ಸಾಕ್ಷಿಯನ್ನು ಡಾಕ್ಟರ ಚೀಟಿ ನೋಡಿದ ಮೇಲೆಯೇ ಹೇಳಿಸುತ್ತೇವೆ.