ರೊಟ್ಟಿ ಬಿಡುವ ಮೊದಲು ಎಣ್ಣೆ ತೂಗಿ

ತೂಕ ಇಳಿಸಬೇಕೆಂದು ಹೊರಟವರು ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಕೈ ಹಾಕುವುದು ರೊಟ್ಟಿ ಬುಟ್ಟಿಗೆ. ಮೂರಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಒಂದಾಗುತ್ತದೆ. ಎಣ್ಣೆಗಾಯಿ, ಶೇಂಗಾ ಹಿಂಡಿ, ಸಂಜೆಯ ಗಿರ್ಮಿಟ್ ಮಾತ್ರ ಇದ್ದಲ್ಲೇ ಇರುತ್ತವೆ. ತಿಂಗಳಾದರೂ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಎಲ್ಲಿ ಲೆಕ್ಕ ತಪ್ಪಿತು ಎಂದು ಹುಡುಕಲು ಬೇಕಾದದ್ದು ಇಷ್ಟೇ: ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಒಂದು ವಹಿ ಮತ್ತು ಒಂದು ವಾರ.

ಮೊದಲು ನಿಮ್ಮ ಖರ್ಚು ನೋಡಿ. ಸುಮ್ಮನೆ ಮಲಗಿದ್ದರೂ ಮಿದುಳು, ಹೃದಯ, ಯಕೃತ್ತು, ಮೂತ್ರಪಿಂಡಗಳು ಶಕ್ತಿ ಉರಿಸುತ್ತಲೇ ಇರುತ್ತವೆ. ಕೂತು ಕೆಲಸ ಮಾಡುವವರ ದಿನದ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಇದನ್ನು ಅಂದಾಜು ಮಾಡಲು ಕಿಲೊ ಲೆಕ್ಕದ ತೂಕವನ್ನು 10ರಿಂದ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. 65 ಕಿಲೊ, 165 ಸೆಂಟಿಮೀಟರ್, 45 ವರ್ಷದ ಗಂಡಸಿಗೆ 1,461 ಕ್ಯಾಲರಿ ಬರುತ್ತದೆ. ಅಂಗಡಿಯಲ್ಲೋ ಕಚೇರಿಯಲ್ಲೋ ಕೂರುವವರಾದರೆ ಇದನ್ನು 1.4ರಿಂದ ಗುಣಿಸಿ: ಸುಮಾರು 2,050. ಬ್ಯಾಡಗಿ ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿ ಚೀಲ ಹೊರುವ ಹಮಾಲರಾದರೆ 2.3ರಿಂದ: ಸುಮಾರು 3,360. ಮೈಕಟ್ಟು ಒಂದೇ ಇದ್ದರೂ ನಡುವೆ 1,300 ಕ್ಯಾಲರಿ ಅಂತರವಿದೆ. ಅಪ್ಪ ಹೊಲದಲ್ಲಿ ಎಡೆ ಹೊಡೆದು ಬಂದು ಉಣ್ಣುತ್ತಿದ್ದ ಊಟವನ್ನೇ ಚಿಗರಿ ಬಸ್ಸಿನಲ್ಲಿ ಕೂತು ಆಫೀಸಿಗೆ ಹೋಗುವ ಮಗ ಉಂಡರೆ ಹೊಟ್ಟೆ ಬರದೆ ಇನ್ನೇನು ಬಂದೀತು?

ಇನ್ನು ತಾಟಿನ ಲೆಕ್ಕ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನ್ ಸುಮಾರು 4 ಕ್ಯಾಲರಿ, ಒಂದು ಗ್ರಾಂ ಎಣ್ಣೆ-ತುಪ್ಪ 9 ಕ್ಯಾಲರಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ 335ರ ಆಸುಪಾಸು ಇರುತ್ತದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ, ಯಾಕೆಂದರೆ ತೂಗಬೇಕಾದದ್ದು ರೊಟ್ಟಿಯನ್ನಲ್ಲ, ಹಿಟ್ಟನ್ನು. 50 ಗ್ರಾಂ ಹಿಟ್ಟಿನ ಬಿಸಿ ರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದರಿಂದ ಅದು 70-80 ಗ್ರಾಂ ತೂಗಬಹುದು. ಅದೇ ಹಿಟ್ಟಿನ ಕಡಕ್ ರೊಟ್ಟಿ ಒಣಗಿ ಹೆಚ್ಚುಕಡಿಮೆ ಹಿಟ್ಟಿನ ತೂಕಕ್ಕೇ ಇಳಿದಿರುತ್ತದೆ. ಎರಡರಲ್ಲೂ ಇರುವುದು ಸುಮಾರು 167 ಕ್ಯಾಲರಿಯೇ. ಕಡಕ್ ರೊಟ್ಟಿ ಹಗುರ ಎಂದು ನಾಲ್ಕು ಮುರಿದು ತಿಂದವರು ನಾಲ್ಕು ರೊಟ್ಟಿಯನ್ನೇ ತಿಂದಿರುತ್ತಾರೆ. ನಾದುವ ಮುನ್ನ ಒಣ ಹಿಟ್ಟು ತೂಗಿ, ಬಡಿಯುವಾಗ ಉದುರಿಸಿಕೊಳ್ಳುವ ಹಿಟ್ಟನ್ನೂ ಅದರಲ್ಲಿ ಸೇರಿಸಿ, ಎಷ್ಟು ರೊಟ್ಟಿ ಆದವೋ ಅಷ್ಟರಿಂದ ಭಾಗಿಸಿ. ಅಕ್ಕಿ, ಬ್ಯಾಳಿ, ಕಾಳುಗಳಿಗೂ ಹೀಗೇ, ಬೇಯುವ ಮುನ್ನಿನ ತೂಕ.

ಈಗ ಎಣ್ಣೆಗಾಯಿ. ನಾಲ್ಕು ಮಂದಿಗೆ ಬದನೇಕಾಯಿ ಮಾಡುವಾಗ 100 ಮಿಲಿಲೀಟರ್ ಎಣ್ಣೆ ಸುರಿದಿರಿ ಅಂದುಕೊಳ್ಳಿ. ಅದು 91 ಗ್ರಾಂ, ಅಂದರೆ 820 ಕ್ಯಾಲರಿ. ಒಬ್ಬರ ಪಾಲಿಗೆ 205. ಒಂದಿಡೀ ರೊಟ್ಟಿಯದಕ್ಕಿಂತ ಹೆಚ್ಚು, ಅದೂ ಒಳಗೆ ತುಂಬಿದ ಶೇಂಗಾ, ಎಳ್ಳಿನ ಮಸಾಲೆ ಬಿಟ್ಟು! ಪಕ್ಕದಲ್ಲಿ ಹಾಕಿಕೊಂಡ 20 ಗ್ರಾಂ ಶೇಂಗಾ ಹಿಂಡಿ ಇನ್ನೊಂದು 110. ಹಿಂಡಿ ಕೆಟ್ಟದ್ದೇನಲ್ಲ, ಅದರಲ್ಲಿ ಪ್ರೋಟೀನ್ ಇದೆ. ಆದರೆ ಅದನ್ನು ಉಪ್ಪಿನಕಾಯಿಯ ಸಾಲಿನಲ್ಲಿ ಕೂರಿಸಿ ಲೆಕ್ಕಕ್ಕೆ ಹಿಡಿಯದೆ ಬಿಡುವುದು ತಪ್ಪು.

ದಿನದಿನವೂ ಎಣ್ಣೆ ಅಳೆಯುವುದು ಬೇಸರವೆನಿಸಿದರೆ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಹಿಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕಿಲೊ, ಅಂದರೆ ಸುಮಾರು ಮೂರೂಕಾಲು ಲೀಟರ್ ಸಾಕು. 5 ಲೀಟರ್ ಮುಗಿಯುತ್ತಿದ್ದರೆ ತಲಾ ದಿನಕ್ಕೆ 38 ಗ್ರಾಂ, 340 ಕ್ಯಾಲರಿ ಎಣ್ಣೆಯಿಂದಲೇ ಹೊಟ್ಟೆ ಸೇರುತ್ತಿದೆ ಎಂದರ್ಥ. ಕ್ಯಾನಿನಿಂದ ನೇರ ಸುರಿಯದೆ ಚಮಚದಲ್ಲಿ ಅಳೆದು ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಮಿರ್ಚಿ ಭಜಿಯ ಲೆಕ್ಕವನ್ನು ಒಮ್ಮೆ ಮನೆಯಲ್ಲೇ ಮಾಡಿ ನೋಡಿ. ಬಾಣಲೆಗೆ ಹಾಕುವ ಎಣ್ಣೆ ತೂಗಿ. ಕರಿದಾದ ಮೇಲೆ ಆರಲು ಬಿಟ್ಟು, ಉಳಿದದ್ದನ್ನು ಮತ್ತೆ ತೂಗಿ. ಹತ್ತು ಮಿರ್ಚಿಗೆ 80 ಗ್ರಾಂ ಎಣ್ಣೆ ಕರಗಿದ್ದರೆ ಒಂದಕ್ಕೆ 8 ಗ್ರಾಂ, 72 ಕ್ಯಾಲರಿ. ಕಡಲೆ ಹಿಟ್ಟಿನದು ಇನ್ನೊಂದು 50. ಮೂರು ತಿಂದರೆ ಎರಡು ರೊಟ್ಟಿಯನ್ನು ದಾಟಿತು. ಹಿಟ್ಟು ತೀರ ತೆಳುವಾದರೆ, ಎಣ್ಣೆ ಕಾಯುವ ಮೊದಲೇ ಬಿಟ್ಟರೆ ಭಜಿ ಇನ್ನೂ ಹೆಚ್ಚು ಕುಡಿಯುತ್ತದೆ. ಚಹಾ ಸಣ್ಣದೆನಿಸುತ್ತದೆ, ಆದರೆ ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಸಲ ಆದರೆ ಸಕ್ಕರೆಯೇ 50 ಗ್ರಾಂ, 200 ಕ್ಯಾಲರಿ.

ಕಡಿಮೆ ಮಾಡುವಾಗ ಕೈ ಹಾಕಬಾರದ್ದು ಕಾಳು-ಬ್ಯಾಳಿಗೆ. ಪ್ರೋಟೀನ್ ದಿನಕ್ಕೆ ಕಿಲೊ ತೂಕಕ್ಕೆ 0.83 ಗ್ರಾಂ ಬೇಕು, 65 ಕಿಲೊಗೆ 54 ಗ್ರಾಂ. ನಾಲ್ಕು ರೊಟ್ಟಿಯಿಂದ 20, 100 ಗ್ರಾಂ ಅಕ್ಕಿಯಿಂದ 8, 60 ಗ್ರಾಂ ಮಡಕಿ ಅಥವಾ ಹೆಸರುಕಾಳಿನಿಂದ 13-14, ಒಂದು ಲೋಟ ಮೊಸರಿನಿಂದ 6, 25 ಗ್ರಾಂ ಶೇಂಗಾದಿಂದ 6 ಸೇರಿದರೆ ಅಲ್ಲಿಗೆ ಮುಟ್ಟುತ್ತದೆ. ಪ್ರೋಟೀನಿನ ಒಂದು ಘಟಕವಾದ ಲೈಸೀನ್ ಜೋಳದಲ್ಲಿ ಕಡಿಮೆ, ಕಾಳಿನಲ್ಲಿ ಹೇರಳ. ರೊಟ್ಟಿ ಜೊತೆ ಕಾಳು ಪಲ್ಯ ಇಟ್ಟ ಹಿರಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಜೋಡಿ ಮಾತ್ರ ಗೊತ್ತಿತ್ತು. ಪಲ್ಯಕ್ಕೆ ನಿಂಬೆ ಹಿಂಡಿ, ಊಟದ ಜೊತೆ ಚಹಾ ಬೇಡ. ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಚಹಾ ಅಡ್ಡ ಬರುತ್ತದೆ.

ದಿನಕ್ಕೆ 300ರಿಂದ 500 ಕ್ಯಾಲರಿ ತಗ್ಗಿಸಿದರೆ ಸಾಕು. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುವುದರಿಂದ 500ರ ಕೊರತೆಗೆ ವಾರಕ್ಕೆ 450 ಗ್ರಾಂ ಇಳಿಯಬೇಕು ಎಂದು ಕಾಗದ ಹೇಳುತ್ತದೆ. ಮೈ ಅಷ್ಟು ಇಳಿಸುವುದಿಲ್ಲ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ, ಗೊತ್ತಿಲ್ಲದೆಯೇ ಓಡಾಟವೂ ತಗ್ಗುತ್ತದೆ. ಮೊದಲ ವಾರ ಭರ್ರನೆ ಇಳಿದದ್ದರಲ್ಲಿ ನೀರೇ ಜಾಸ್ತಿ: ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಮದುವೆ ಊಟದ ಮರುದಿನ ಒಂದು ಕಿಲೊ ಏರಿದ್ದೂ ಬಹುಪಾಲು ಉಪ್ಪು ಮತ್ತು ಪಿಷ್ಟ ಹಿಡಿದಿಟ್ಟ ನೀರೇ. ಹೀಗಾಗಿ ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೂ ಮುನ್ನ ದಿನಾ ತೂಗಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಮುಟ್ಟಿನ ಆಸುಪಾಸು ತೂಕ ಏರಿಳಿಯುವುದರಿಂದ ಹೆಂಗಸರು ತಿಂಗಳಿಂದ ತಿಂಗಳಿಗೆ ಹೋಲಿಸುವುದು ಮೇಲು.

ಉಣಕಲ್ ಕೆರೆ ಸುತ್ತಲಿನ ನಡಿಗೆ ಬಿಡಬೇಡಿ, ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಅದು ಒಳ್ಳೆಯದು. ಆದರೆ 65 ಕಿಲೊದವರು 4 ಕಿಲೊಮೀಟರ್ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು 130-150 ಕ್ಯಾಲರಿ ಮಾತ್ರ. ವಾಪಸು ಬರುವಾಗ ಗಾಡಿ ಮುಂದೆ ನಿಂತು ಎರಡು ಮಿರ್ಚಿ ತಿಂದರೆ ಅದೂ ಹೋಯಿತು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುನ್ನ ಡಾಕ್ಟರರನ್ನು ಕೇಳಲೇಬೇಕು. ಡೋಸ್ ಹಾಗೇ ಇದ್ದು ಊಟ ಮಾತ್ರ ಇಳಿದರೆ ರಕ್ತದ ಸಕ್ಕರೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ. ಬಸುರಿಯರಿಗೆ, ಹಾಲೂಡಿಸುವ ಬಾಣಂತಿಯರಿಗೆ ಈ ಇಳಿಸುವ ಲೆಕ್ಕವೇ ಸಲ್ಲದು. ಬಸುರಿಗೆ ದಿನಕ್ಕೆ ಸುಮಾರು 350, ಬಾಣಂತಿಗೆ ಮೊದಲ ಆರು ತಿಂಗಳು ಸುಮಾರು 600 ಕ್ಯಾಲರಿ ಹೆಚ್ಚಿಗೆ ಬೇಕು. ಅವರ ತಾಟಿನಲ್ಲಿ ಶೇಂಗಾ ಹಿಂಡಿ ಎರಡು ಚಮಚ ಜಾಸ್ತಿಯೇ ಇರಲಿ.