ಡ್ರೈ ಆಪಲ್ ವೈನ್: ಹುಳಿ ಯಾವುದು, ಒಗರು ಯಾವುದು?

ಡ್ರೈ ಆಪಲ್ ವೈನ್ ಮೊದಲ ಸಲ ಕುಡಿದವರು ಮುಖ ಕಿವುಚಿ "ಅಯ್ಯೋ, ಬರೀ ಹುಳಿ" ಅನ್ನುವುದು ಜಾಸ್ತಿ. ಬಾಟಲಿ ಮೇಲೆ ಸೇಬಿನ ಚಿತ್ರ ನೋಡಿ ಜ್ಯೂಸಿನ ಸಿಹಿ ಇರುತ್ತದೆ ಅಂದುಕೊಂಡಿರುತ್ತಾರೆ, ಅಲ್ವಾ? ಆದರೆ ಡ್ರೈ ಅಂದರೆ ಹುಳಿ ಅಂತಲ್ಲ. ಹಣ್ಣಿನ ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿದೆ, ಅಷ್ಟೇ. ಸಿಹಿ ಹೋದ ಮೇಲೆ ಅದರ ಹಿಂದಿದ್ದ ಹುಳಿ ಮತ್ತು ಒಗರು ಎದ್ದು ಕಾಣುತ್ತವೆ. ಇವೆರಡನ್ನು ಬೇರೆ ಬೇರೆ ಗುರುತಿಸಲು ಬಂದರೆ ಜೊತೆಗೆ ಏನು ತಿನ್ನಬೇಕು ಅನ್ನುವುದು ಅರ್ಧ ತಿಳಿದ ಹಾಗೆ.

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ. ಅಷ್ಟು ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ, ಒಗರು ಮಾತ್ರ ಇನ್ನೂ ಒರಟಾಗುತ್ತದೆ. ಸ್ವಲ್ಪ ಹೊತ್ತು ಹೊರಗಿಟ್ಟು 8ರಿಂದ 12 ಡಿಗ್ರಿಗೆ ಬಂದ ಮೇಲೆ ವೈನ್ ಗ್ಲಾಸಿನ ಮೂರನೇ ಒಂದು ಭಾಗ ಸುರಿದುಕೊಳ್ಳಿ.

ಒಂದು ಗುಟುಕು ಬಾಯಲ್ಲಿ ನಾಲ್ಕೈದು ಸೆಕೆಂಡ್ ಇಟ್ಟುಕೊಳ್ಳಿ. ಕೆನ್ನೆಯ ಒಳಗಿನಿಂದ ಜೊಲ್ಲು ಚಿಮ್ಮಿದರೆ ಅದು ಹುಳಿ, ಸೇಬಿನ ಮ್ಯಾಲಿಕ್ ಆಮ್ಲದ ಕೆಲಸ. ಈಗ ನುಂಗಿ, ನಾಲಿಗೆಯ ತುದಿಯನ್ನು ಮೇಲಿನ ಒಸಡಿನ ಮೇಲೆ ಎಳೆಯಿರಿ. ಜಾರದೆ ತಡೆದರೆ, ಹಾಲಿಲ್ಲದ ಗಟ್ಟಿ ಚಹಾ ಕುಡಿದ ಹಾಗೆ ಬಾಯಿ ಒಣಗಿದರೆ, ಅದು ಒಗರು. ಸೇಬಿನಲ್ಲೂ ಚಹಾದಲ್ಲೂ ಇರುವ ಟ್ಯಾನಿನ್ ಅನ್ನುವ ಒಗರಿನ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನೇ ಕಿತ್ತುಕೊಳ್ಳುತ್ತದೆ. ಸಿಹಿ ಇದೆ ಅನ್ನಿಸಿದರೆ ಮೂಗು ಹಿಡಿದು ಇನ್ನೊಂದು ಗುಟುಕು ಕುಡಿಯಿರಿ. ಸಿಹಿ ಮಾಯವಾದರೆ ಅದು ನಾಲಿಗೆಯದ್ದಲ್ಲ, ಹಣ್ಣಿನ ಘಮ ಮಾಡಿದ ಮೋಸ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು.

ನುಂಗಿದ ಮೇಲೂ ಅರ್ಧ ನಿಮಿಷ ಕಾಯಿರಿ. ಕೆಟ್ಟ ಸೈಡರ್‌ನಲ್ಲಿ (ಸೇಬಿನ ರಸ ಹುಳಿಸಿ ಮಾಡುವ ಪಾನೀಯ) ಬರುವ ಇಲಿ ಗೂಡಿನಂಥ ವಾಸನೆ ಗ್ಲಾಸಿನಲ್ಲಿ ಸಿಗುವುದೇ ಇಲ್ಲ. ಜೊಲ್ಲು ಬೆರೆತು ಆಮ್ಲ ತಗ್ಗಿದಾಗಲೇ ಅದು ಗಂಟಲ ಹಿಂದಿನಿಂದ ಏಳುತ್ತದೆ.

ಈ ಹುಳಿ–ಒಗರಿನ ಲೆಕ್ಕ ಹಳೆಯದು. ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದಲ್ಲಿ 1903ರಲ್ಲಿ ಸೈಡರ್ ಸೇಬುಗಳನ್ನು ನಾಲ್ಕು ಗುಂಪು ಮಾಡಿದರು. ಆಮ್ಲ 0.45 ಶೇಕಡಾ ದಾಟಿದರೆ ಹುಳಿ ಸೇಬು, ಟ್ಯಾನಿನ್ 0.2 ಶೇಕಡಾ ದಾಟಿದರೆ ಒಗರು ಸೇಬು. ಎರಡೂ ದಾಟಿದ್ದು ಒಂದು ಗುಂಪು, ಎರಡೂ ದಾಟದ್ದು ಇನ್ನೊಂದು. ಡ್ಯಾಬಿನೆಟ್ ತಳಿಯಲ್ಲಿ ಒಗರು ಮುಂದೆ, ಕಿಂಗ್‌ಸ್ಟನ್ ಬ್ಲ್ಯಾಕ್‌ನಲ್ಲಿ ಎರಡೂ ಉಂಟು. ತಿನ್ನುವ ಅಥವಾ ಅಡುಗೆಯ ಸೇಬಿನಿಂದ ಮಾಡಿದ್ದರಲ್ಲಿ ಹುಳಿಯೇ ಜೋರು, ಒಗರು ಕಡಿಮೆ.

ಈಗ ಊಟ. ಹುಳಿ ಮುಂದಿರುವ ಬಾಟಲಿಗೆ ಜಿಡ್ಡು ಮತ್ತು ಉಪ್ಪು ಬೇಕು: ಕರಿದ ಮೀನು, ಸಿಗಡಿ, ಮೃದುವಾದ ಆಡಿನ ಹಾಲಿನ ಚೀಸ್. ನಿಂಬೆ ಹಿಂಡುವ ಕಡೆಯೆಲ್ಲ ಇದನ್ನು ಧೈರ್ಯವಾಗಿ ಇಡಬಹುದು. ಒಗರು ಇರುವುದಕ್ಕೆ ಪ್ರೋಟೀನ್ ಜಾಸ್ತಿ ಇರುವ ಗಟ್ಟಿ ತಿಂಡಿ ಬೇಕು: ಹುರಿದ ಹಂದಿ ಮಾಂಸ, ಸಾಸೇಜ್, ಹಳೆಯ ಚೆಡ್ಡಾರ್ ಚೀಸ್. ಟ್ಯಾನಿನ್ ಆಗ ಜೊಲ್ಲನ್ನು ಬಿಟ್ಟು ಚೀಸ್‌ಗೆ ಅಂಟಿಕೊಳ್ಳುತ್ತದೆ. ಒಂದು ತುಂಡು ಚೆಡ್ಡಾರ್ ಅಗಿದು ಅದೇ ಗ್ಲಾಸಿನಿಂದ ಮತ್ತೆ ಕುಡಿದು ನೋಡಿ, ಒಸಡು ಹಿಡಿಯುತ್ತಿದ್ದ ವೈನ್ ಮೆತ್ತಗಾಗಿ ಹಣ್ಣಿನ ರುಚಿ ಹೊರಗೆ ಬಂದಿರುತ್ತದೆ. ಚೆಡ್ಡಾರ್ ಊರು ಇರುವುದೂ ಸೈಡರ್‌ಗೆ ಹೆಸರಾದ ಇಂಗ್ಲೆಂಡಿನ ಸೋಮರ್‌ಸೆಟ್‌ನಲ್ಲೇ. ಫ್ರಾನ್ಸಿನ ನಾರ್ಮಂಡಿಯವರು ಕ್ರೀಮ್ ಹಾಕಿದ ಕೋಳಿಯನ್ನೂ ಕ್ಯಾಮೆಂಬರ್ಟ್ ಚೀಸನ್ನೂ ಸೈಡರ್ ಜೊತೆ ಇಡುತ್ತಾರೆ.

ಖಾರದ ಜೊತೆ ಮಾತ್ರ ಹುಷಾರು. ಆಲ್ಕೋಹಾಲ್ ಖಾರದ ಉರಿ ಹೆಚ್ಚಿಸುತ್ತದೆ, ತಣಿಸಲು ಇದರಲ್ಲಿ ಸಿಹಿಯೂ ಇಲ್ಲ. ಸೈಡರ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 8 ಶೇಕಡಾ ಆಲ್ಕೋಹಾಲ್ ಇರುತ್ತದೆ, ಸಕ್ಕರೆ ಸೇರಿಸಿ ಹುಳಿಸಿದ ಆಪಲ್ ವೈನ್ 10 ದಾಟಬಹುದು, ಅದು ಇನ್ನೂ ಉರಿ. ಸಿಹಿ ತಿಂಡಿಗೂ ಬೇಡ. ಸೇಬಿನ ಪೈ ಒಳ್ಳೆ ಜೋಡಿ ಅನ್ನಿಸುತ್ತದೆ, ಆದರೆ ಪೈ ತಿಂದ ಮೇಲೆ ಡ್ರೈ ವೈನ್ ನೀರುನೀರಾಗಿ, ಸುಮ್ನೆ ಹುಳಿ ನೀರಿನ ಹಾಗೆ ಕಾಣುತ್ತದೆ.

ಮೊದಲ ಸಲಕ್ಕೆ ಹುಳಿಯದ್ದೊಂದು, ಒಗರಿನದ್ದೊಂದು ಬಾಟಲಿ ತೆಗೆದು ಪಕ್ಕಪಕ್ಕ ಇಡಿ, ನಡುವೆ ಚೀಸ್ ಮತ್ತು ಉಪ್ಪು ಹಾಕಿದ ಬಾದಾಮಿ ಇರಲಿ. ಉಳಿದಿದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.