ಅವ್ವನ್ನ ಬನಶಂಕರಿ ಜಾತ್ರಿಗೆ ಕರ್ಕೊಂಡು ಹೋಗೋದು ಹೆಂಗ, ಗದ್ಲದಾಗ ಕಳ್ಕೊಂಡ್ರ ಹುಡುಕೋದು ಹೆಂಗ

ನಮ್ಮವ್ವಗ 74 ವರ್ಷ, ಮೊಣಕಾಲು ಎರಡೂ ಕೈ ಕೊಟ್ಟಾವ, ಡಾಕ್ಟರು ಭಾಳ ಅಡ್ಡಾಡಬ್ಯಾಡ ಅಂತಾರ, ಆಕಿನೂ ಹೂಂ ಅಂತಾಳ, ಆದ್ರ ಬನದ ಹುಣ್ಣಿವಿ ಹತ್ರ ಬಂತಂದ್ರ ಟ್ರಂಕಿನ್ಯಾಗಿನ ಇಳಕಲ್ ಸೀರಿ ಹೊರಗ ಬರ್ತೈತಿ, ನನಗ ಫೋನ್ ಬರ್ತೈತಿ. ಪ್ರತಿ ವರ್ಷ ನಾನ ಕರ್ಕೊಂಡು ಹೋಗ್ತೀನಿ, ಹಂಗಾಗಿ ವಯಸ್ಸಾದವ್ರನ್ನ ಜಾತ್ರಿಗೆ ಒಯ್ಯೋದ್ರಾಗ ನಾ ಭಾರಿ ಪಂಟರ್ ಅಂತ ತಿಳ್ಕೊಂಡಿದ್ದೆ, 2025ರ ತೇರಿನ ದಿನ ಒಂದೂವರಿ ತಾಸು ಅವ್ವನ್ನ ಕಳ್ಕೊಂಡ ಮ್ಯಾಲೆ ಆ ಸೊಕ್ಕು ಇಳೀತು. ಹುಡುಕಿ ಕೊಟ್ಟಾಕಿ ಒಂಬತ್ತು ವರ್ಷದ ಒಂದು ಹುಡುಗಿ. ಕೆಳಗ ಬರ್ದಿದ್ರಾಗ ಅರ್ಧ ನನಗ ಮೊದ್ಲ ಗೊತ್ತಿದ್ದದ್ದು, ಇನ್ನರ್ಧ ಆ ಹುಡುಗಿ ಕಲಿಸಿದ್ದು.

ಮೊದ್ಲ ದಿನ ಆರಿಸೋದು. ತೇರು ಪುಷ್ಯ ಮಾಸದ ಹುಣ್ಣಿವಿಗೆ, ಇಂಗ್ಲಿಷ್ ತಾರೀಖು ವರ್ಷಾ ವರ್ಷಾ ಸರೀತೈತಿ, 2024ರಾಗ ಜನವರಿ 25ಕ್ಕ ಬಂತು, 2025ರಾಗ 13ಕ್ಕ, 2026ರಾಗ 3ಕ್ಕ. ಹೋದ ವರ್ಷದ ತಾರೀಖು ನೆಪ್ಪಿಟ್ಕೊಂಡು ರಜಾ ಹಾಕಬ್ಯಾಡ್ರಿ, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ರಿ. ಜಾತ್ರಿ ಹತ್ರ ಹತ್ರ ತಿಂಗಳ ತನಕ ನಡೀತೈತಿ, ನಾಟಕ ಕಂಪನಿ ಟೆಂಟ್ ಇರ್ತಾವ, ಬಾಗಿಲ ಚೌಕಟ್ಟು ಮಾರಾವ್ರು ಇರ್ತಾರ, ಅದಕ್ಕ ಮೊಣಕಾಲು ನೂವು ಇದ್ದವ್ರನ್ನ ತೇರು ಆಗಿ ಒಂದು ವಾರ ಬಿಟ್ಟು ಒಯ್ರಿ ಅನ್ನೋದು ನನ್ನ ಸಲಹಾ. ನಮ್ಮವ್ವಗ ಈ ಸಲಹಾ ನಡ್ಯಂಗಿಲ್ಲ. ತೇರು ನೋಡ್ದಿದ್ರ ಅದು ಜಾತ್ರಿ ಏನೋ, ಸಂತಿ, ಅಂತಾಳ. ನಿಮ್ಮವ್ವನೂ ಹಂಗ ಅಂದ್ರ ಮುಂದ ಓದ್ರಿ.

ಗುಡಿ ಇರೋದು ಚೊಳಚಗುಡ್ಡದಾಗ, ಬಾದಾಮಿಯಿಂದ ಸುಮಾರು 5 ಕಿಲೋಮೀಟರ್. ಗದಗ-ಸೊಲ್ಲಾಪುರ ಲೈನಿನ್ಯಾಗ ರೈಲಿಗೆ ಬರಾವ್ರು ತಿಳ್ಕೊಳ್ರಿ, ಬಾದಾಮಿ ಸ್ಟೇಷನ್ ಊರಾಗಿಲ್ಲ, ಊರು ಬಿಟ್ಟು ದೂರ ಐತಿ, ಮೊದ್ಲ ಊರಿಗೆ ಆಮ್ಯಾಲೆ ಬನಶಂಕರಿಗೆ ಅಂತ ಹತ್ತೂದು ಇಳಿಯೂದು ಎರಡೆರಡು ಸಲ ಆಗ್ತೈತಿ, ಮೊಣಕಾಲಿಗೆ ನಡಿಗಿಗಿಂತ ಅದ ದೊಡ್ಡ ತ್ರಾಸು. ಸ್ವಂತ ಗಾಡಿ ತಂದ್ರ ತೇರಿನ ದಿನ ದೂರನ ನಿಂದ್ರಸ್ತಾರ, ಎಷ್ಟು ಒಳಗ ಬಿಡ್ತಾರೋ ಅಷ್ಟು ಒಳಗ ಹೋಗಿ ಹಿರ್ಯಾರನ್ನ ಇಳಿಸಿ, ಜೊತಿಗೆ ಒಬ್ಬರನ್ನ ಕುಂದ್ರಿಸಿ, ಆಮ್ಯಾಲೆ ಪಾರ್ಕಿಂಗಿಗೆ ಹೋಗ್ರಿ. "ಜೊತಿಗೆ ಒಬ್ಬರನ್ನ" ಅನ್ನೋದನ್ನ ಗಟ್ಟಿ ಹಿಡ್ಕೊಳ್ರಿ, ನನ್ನ ತಪ್ಪು ಅಲ್ಲೇ ಆಗಿದ್ದು.

ಸಂಜಿ ತೇರಿನ ತನಕ ಕುಂದ್ರಾಕ ಹೊಂಡದ ಮಂಟಪದಷ್ಟು ಚೊಲೊ ಜಾಗಾ ಇನ್ನೊಂದಿಲ್ಲ. ಈ ಹೊಂಡಕ್ಕ ಹರಿದ್ರಾತೀರ್ಥ ಅಂತಾರ, ಅದರ ಸುತ್ತ ಮೂರು ಕಡೆ ಕಲ್ಲಿನ ಕಂಬದ ಮಂಟಪ ಐತಿ, ನೆಳ್ಳು, ತಂಪು, ಬೆನ್ನಿಗೆ ಕಂಬ. ಮುಂಜಾನೆ ಲಗೂ ಹೋಗಿ ಚಾದರ ಹಾಸಿಬಿಡ್ರಿ. ಜನವರಿ ಆದ್ರೂ ಮಧ್ಯಾಹ್ನ ಬಿಸಲು ಚುರ್ ಅಂತೈತಿ, ಹೊತ್ತು ಮುಳುಗಿದ ಮ್ಯಾಲೆ ಚಳಿ ಹಿಡೀತೈತಿ, ಹಂಗಾಗಿ ಶಾಲು ಬೇಕ ಬೇಕು, ಗಾಡ್ಯಾಗ ಬಿಟ್ಟು ಬರಬ್ಯಾಡ್ರಿ (ನಾ ಬಿಟ್ಟು ಬಂದಿದ್ದೆ). ಬಿಪಿ ಗುಳಗಿ, ನೀರು, ಎಲಿ ಅಡಿಕಿ ಸಂಚಿ. ಊಟದ ಗಂಟು ಕಟ್ಟೋದು ಬ್ಯಾಡ, ಬುಟ್ಟಿ ಇಟ್ಕೊಂಡು ಕುಂತ ಹೆಣ್ಮಕ್ಕಳ ಹತ್ರ ಜ್ವಾಳದ ರೊಟ್ಟಿ, ಹೆಸರುಕಾಳ ಪಲ್ಲೆ, ಕೆಂಪು ಚಟ್ನಿ, ಸಣ್ಣ ಮಡಿಕ್ಯಾಗಿನ ಕೆನಿ ಮೊಸರು ಎಲ್ಲಾ ಸಿಗ್ತೈತಿ, ಮನ್ಯಾಗಿಂದ ಒಯ್ದ ಚಪಾತಿ ಹಂಗ ಹೊಳ್ಳಿ ಬರ್ತಾವ.

ಇನ್ನ ಚೀಟಿ. ಒಂದು ಹಾಳ್ಯಾಗ ನಿಮ್ಮ ಫೋನ್ ನಂಬರ್, ಇನ್ನೊಬ್ಬರ ನಂಬರ್, ಊರ ಹೆಸರು ದೊಡ್ಡ ಅಕ್ಷರದಾಗ ಬರ್ದು ಸಂಚ್ಯಾಗ ಇಡ್ರಿ, ಇನ್ನೊಂದು ಸೆರಗಿನ ಗಂಟಿನ್ಯಾಗ ಕಟ್ರಿ. ಅಂಕಿ ಬಿಡಿಸಿ ಬರೀರಿ. ಯಾಕಂತ ಹೇಳ್ತೀನಿ.

ಆವತ್ತು ನಾಲ್ಕೂವರಿ ಸುಮಾರಿಗೆ ಅವ್ವನ್ನ ಮಂಟಪದಿಂದ ಎಬ್ಬಿಸಿ ತೇರು ಕಾಣೋ ಕಡೆ ಒಂದು ಅಂಗಡಿ ಬಾಜೂಕ ನಿಂದ್ರಿಸಿ, ಇಲ್ಲೇ ಇರು, ಗಾಡ್ಯಾಗಿನ ಶಾಲು ತರ್ತೀನಿ ಅಂತ ಹೋದೆ, ಹತ್ತು ನಿಮಿಷದ ಕೆಲಸ, ಹೊಳ್ಳಿ ಬರೋದ್ರಾಗ ಜನಾ ಹಿಂದಕ್ಕ ಸರ್ಸಿದ್ರು, ಹಗ್ಗಾ ಕಟ್ಟಿದ್ರು, ಅಂಗಡಿ ಇತ್ತು ಅವ್ವ ಇರ್ಲಿಲ್ಲ. ಫೋನ್ ಹಚ್ಚೋಣಂದ್ರ ಆಕಿ ಫೋನು ನನ್ನ ಕಿಸೆದಾಗ, ಕಳೀತಾಳಂತ ನಾನ ಇಸ್ಕೊಂಡಿದ್ದೆ. ಶಾಣ್ಯಾತನ ಅಂದ್ರ ಇದು ನೋಡ್ರಿ. ಮೈಕಿನ್ಯಾಗ ಹೇಳ್ಸಾಕ ಓಡಿದೆ, ಕೇಳಿದ ಕೂಡ್ಲೆ ಆಧಾರ್ ಕಾರ್ಡಿನ್ಯಾಗಿನ ಪೂರ್ತಿ ಹೆಸರು ಹೇಳಿದೆ, ಅವ್ರು ಪಾಪ ನಾಲ್ಕು ಸಲ ಕೂಗಿದ್ರು. ಅವ್ವಗ ಅದು ಕೇಳ್ಸಿತ್ತಂತ, ತಂದ ಹೆಸರಂತ ಹೊಳೀಲೇ ಇಲ್ಲಂತ, ಯಾರೋ ಪಾಪ ಮುದುಕಿ ಕಳದಾಳ ಅಂತ ಮರುಗಿದ್ಳಂತ. ಅದಕ್ಕ ಮೈಕಿನ್ಯಾಗ ಊರಾಗ ಕರಿಯೋ ಹೆಸರು ಹೇಳಿಸ್ರಿ, ಇಂಥಾ ಊರು, ಇಂಥವ್ರ ಅವ್ವ, ಮಗಾ ಇಂಥಾ ಕಡೆ ನಿಂತಾನ, ಹಿಂಗ. ಭಾಳ ಹೊತ್ತಾದ್ರ 112ಕ್ಕ ಹಚ್ರಿ, ಸಣ್ಣ ಮಕ್ಕಳು ತಪ್ಪಿಸ್ಕೊಂಡ್ರ 1098.

ಅತ್ಲಾಗ ಅವ್ವ ನೂಕಾಟದಾಗ ಚಪ್ಲಿ ಕಳ್ಕೊಂಡು ರೊಟ್ಟಿ ಬುಟ್ಟಿಗಳ ಸಾಲಿನ ಕಡೆ ಬಂದಾಳ. ಅಲ್ಲಿ ಒಬ್ಬ ಅಮ್ಮ, ಅಂದ್ರ ಅಜ್ಜಿ, ರೊಟ್ಟಿ ಮಾರಾಕ ಕುಂತಿದ್ಳು, ಬಾಜೂಕ ಮೊಮ್ಮಗಳು, ಮೊಸರಿನ ಮಡಿಕಿ ಎಣಿಸೋದು ಆಕಿ ಕೆಲಸ. ಬರಿಗಾಲಿನ್ಯಾಗ ನಿಂತು ಅತ್ಲಾಗ ಇತ್ಲಾಗ ನೋಡೋ ಮುದುಕಿನ್ನ ಕಂಡಾಕಿ ಆ ಹುಡುಗಿ. ಎದ್ದು ಬಂದು ಏನೂ ಕೇಳದ ಕೈ ಹಿಡ್ಕೊಂಡು ಹೋಗಿ ಚೀಲದ ಮ್ಯಾಲೆ ಕುಂದ್ರಿಸ್ಯಾಳ, ನೀರು ಕೊಟ್ಟಾಳ, ಆಮ್ಯಾಲೆ ಶುರು ಮಾಡ್ಯಾಳ, ನಿನ್ನ ಮಗಾ ಯಾವ ಅಂಗಿ ಹಾಕ್ಯಾನ, ನಂಬರ್ ಏನು. ಅವ್ವಗ ಅಂಗಿ ಬಣ್ಣ ನೆಪ್ಪಿಲ್ಲ, ನಂಬರ್ ಮೊದ್ಲ ಗೊತ್ತಿಲ್ಲ. ಸಂಚಿ ಬಿಚ್ಚು ಅಮ್ಮಾ ಅಂದಾಳ. ಎಲಿ, ಸುಣ್ಣದ ಡಬ್ಬಿ, ಬಂಡಾರದ ಪುಡಕಿ, ತಳದಾಗ ಮಡಚಿದ ಔಷಧಿ ಅಂಗಡಿ ಚೀಟಿ, ಅದರ ಮ್ಯಾಲೆ ಅಂಗಡಿಯವ್ರು ಬರ್ದ ನನ್ನ ನಂಬರ್. ಚೀಟಿ ಸುಣ್ಣ ತಿಂದಿತ್ತು, ಒಂದು ಅಂಕಿ 1 ಏನ 7 ಏನ ತಿಳೀವಲ್ದು. ಬಾಜೂಕ ಪುಗ್ಗಾ ಮಾರಾವ್ನ ಫೋನ್ ಇಸ್ಕೊಂಡು ಎರಡೂ ಹಚ್ಯಾಳ. 1 ಹಚ್ಚಿದ್ರ ಯಾರೋ ಎತ್ತಿ ಬೈದಾರ. 7 ಹಚ್ಚಿದ್ರ ಹೋಗವಲ್ದು. ಹತ್ತು ಸಲ, ಹನ್ನೊಂದು ಸಲ.

ತೇರಿನ ಹೊತ್ತಿನ್ಯಾಗ ಅಷ್ಟೂ ಮಂದಿ ಫೋನು ಒಂದೋ ಎರಡೋ ಟವರಿಗೆ ಜೋತು ಬಿದ್ದಿರ್ತಾವ, ಕಾಲ್ ಹೋಗಂಗಿಲ್ಲ, ವಾಟ್ಸಾಪ್ ಬರೇ ತಿರಗತೈತಿ, ಆದ್ರ ಎಸ್ಸೆಮ್ಮೆಸ್ ಸಣ್ಣದು, ಒಂದು ಕ್ಷಣ ದಾರಿ ಸಿಕ್ರೂ ನುಸುಳಿ ಹೋಗ್ತೈತಿ. ಇದು ನನಗ ಗೊತ್ತಿತ್ತು, ಗಾಬ್ರ್ಯಾಗ ಮರತಿದ್ದೆ. ಹುಡುಗಿಗೆ ಗೊತ್ತಿರ್ಲಿಲ್ಲ, ಕಾಲ್ ಹೋಗವಲ್ದು ಅಂತ ಸಿಟ್ಟು ಬಂದು ಮೆಸೇಜ್ ಬರ್ದಾಳ ಅಷ್ಟ. ಆರರ ಸುಮಾರಿಗೆ ನನ್ನ ಫೋನ್ ಟಿಣ್ ಅಂತು: "ನಿಮ್ಮ ಅಮ್ಮ ನಮ್ಮ ಅಮ್ಮನ ರೊಟ್ಟಿ ಬುಟ್ಟಿ ಹತ್ರ ಅದಾಳ." ರೊಟ್ಟಿ ಬುಟ್ಟಿ ಸಾಲಿನ ಕಡೆ ಓಡಿದೆ, ಅಲ್ಲಿ ಎಲ್ಲಿ ನೋಡಿದ್ರೂ ಅಮ್ಮ, ಎಲ್ಲಿ ನೋಡಿದ್ರೂ ಬುಟ್ಟಿ. ಯಾವ ಬುಟ್ಟಿ ಅಂತ ಹೊಳ್ಳಿ ಬರ್ಯಾಕ ಹೋಗೋದ್ರಾಗ ಎರಡನೇದು ಬಂತು, "ಪುಗ್ಗಾ ನೋಡ್ರಿ ಮ್ಯಾಲೆ". ತಲಿ ಎತ್ತಿದೆ. ಪುಗ್ಗಾದವ್ನು ಕೋಲು ಎರಡೂ ಕೈಲೆ ಎತ್ತಿ ಹಿಡದಿದ್ದ, ಕೆಂಪು ಹಳದಿ ಪುಗ್ಗಾ ಅಷ್ಟೂ ಮಂದಿ ತಲಿ ಮ್ಯಾಲೆ ಕುಣೀತಿದ್ವು, ಹುಡುಗಿ ಅವನ ಸೊಂಟಾ ಹಿಡ್ಕೊಂಡು ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ ಅಂತ ಒದರಾಕತ್ತಿದ್ಳು.

ಹಂಗಾಗಿ ಕೂಡೋ ಜಾಗಾ ಮೊದ್ಲ ಗೊತ್ತು ಮಾಡ್ಕೊಳ್ರಿ, ಅದು ದೂರದಿಂದ ತಲಿ ಮ್ಯಾಲೆ ಕಾಣುವಂಥಾದ್ದು ಇರ್ಲಿ, ಸರಿಯಂಗಿಲ್ಲ ಅನ್ನುವಂಥಾದ್ದು ಇರ್ಲಿ. ಹೊಂಡದ ಹತ್ರದ ದೀಪಸ್ತಂಭ ಭಾಳ ಚೊಲೊ. ಬಳಿ ಅಂಗಡಿ, ಕಬ್ಬಿನ ಹಾಲಿನ ಗಾಡಿ, ಜೋಕಾಲಿ ಇವು ಬ್ಯಾಡ, ಅಂಥಾವು ಹತ್ತು ಇರ್ತಾವ. ಹಿರ್ಯಾರಿಗೆ ಬರೇ ಬಾಯಿಲೆ ಹೇಳಿದ್ರ ಸಾಲಂಗಿಲ್ಲ, ಹೋದ ಕೂಡ್ಲೆ ಅಲ್ಲಿ ಒಯ್ದು ತೋರಿಸ್ರಿ, ಕಂಬ ಮುಟ್ಟಿಸ್ರಿ.

ಬುಟ್ಟಿ ಹತ್ರ ಹೋದ್ರ ಅವ್ವ ಚೀಲದ ಮ್ಯಾಲೆ ರಾಣಿಗತೆ ಕುಂತಾಳ, ಮೊಣಕಾಲ ಮ್ಯಾಲೆ ನೀಲಿ ಸಾಲಿ ಸ್ವೆಟರ್, ಮ್ಯಾಲಿನ ಗುಂಡಿ ಕಿತ್ತದ್ದು. ಹುಡುಗಿ ಬರೇ ಫ್ರಾಕಿನ್ಯಾಗ, ಕೈ ಮ್ಯಾಲೆ ಚಳಿಗೆ ಮುಳ್ಳು ಎದ್ದಿದ್ವು. ನಾ ಅವ್ವಾ ಅಂತ ಕೂತು ಇನ್ನೇನ ಅಳಬೇಕು, ಹುಡುಗಿ ನನ್ನ ಕಡೆ ಕೈ ಮಾಡಿ, "ತಡೀರಿ ಕಾಕಾ, ಕತಿ ಮುಗೀಲಿ" ಅಂದ್ಲು! ಅವ್ವ ತಾನು ಹುಡುಗಿ ಇದ್ದಾಗ ಚಕ್ಕಡ್ಯಾಗ ಈ ಜಾತ್ರಿಗೆ ಬಂದು ನೋಡಿದ್ದ ನಾಟಕದ ಕತಿ ಹೇಳ್ತಿದ್ಳು, ರಾಣಿನ್ನ ಅಡವ್ಯಾಗ ಬಿಟ್ಟು ಬಂದ ಜಾಗಾಕ್ಕ ಬಂದಿತ್ತು. ಹುಡುಗಿ, "ಆಮ್ಯಾಲೆ?" ಅವ್ವ, "ಆಮ್ಯಾಲೆ ನನಗ ನಿದ್ದಿ ಹತ್ತಿಬಿಡ್ತವ್ವ, ಎಚ್ಚರಾದಾಗ ಚಕ್ಕಡ್ಯಾಗ ಇದ್ದೆ." ಆ ಹುಡುಗಿ ಮಾರಿ ನೋಡಬೇಕಿತ್ರಿ ನೀವು, ನಾ ಇಷ್ಟೊತ್ತು ಇದಕ್ಕ ಕುಂತೆನೇನು ಅನ್ನುವಂಗ.

ಇಂಥಾ ಹೊತ್ತಿನ್ಯಾಗ ಮಕ್ಕಳಿಗೆ ಏನ ಕೊಡಬೇಕು, ಹೆಂಗ ಕೊಡಬೇಕು ಅನ್ನೋದೂ ಒಂದು ಕಲಿಯೋ ಮಾತ. ನಾ ಎರಡು ನೂರರ ನೋಟು ತಗದೆ. ಹುಡುಗಿ ಎರಡೂ ಕೈ ಬೆನ್ನ ಹಿಂದ ಕಟ್ಕೊಂಡ್ಲು. ಅಮ್ಮ ಬುಟ್ಟಿ ಸರಿಮಾಡ್ಕೋತ, "ಅದಕ್ಕ ರೊಕ್ಕ ಕೊಡಬ್ಯಾಡ ತಮ್ಮಾ, ನಾಳೆ ಯಾರರ ಮುದುಕ್ಯಾರು ಕಂಡ್ರ ಮೊದ್ಲ ಕಿಸೆ ನೋಡೀತು" ಅಂದ್ಲು. ನೋಟು ಕಿಸೆದಾಗ ಇಟ್ಟೆ, ಅವಮಾನ ಆಗ್ಲಿಲ್ಲ, ಹಗರ ಅನಿಸ್ತು. ಆಮ್ಯಾಲೆ ಮಾಡಿದ್ದು ಇದು, ನೀವೂ ಹಿಂಗ ಮಾಡ್ರಿ: ಅಲ್ಲೇ ಕುಂತು ಹೊಟ್ಟಿ ತುಂಬ ರೊಟ್ಟಿ ಉಂಡ್ವಿ, ಮನಿಗೂ ಕಟ್ಟಿಸ್ಕೊಂಡ್ವಿ, ಚೌಕಾಸಿ ಮಾಡ್ಲಿಲ್ಲ, ಹೆಚ್ಚಿಗಿನೂ ಕೊಡ್ಲಿಲ್ಲ. ಹುಡುಗಿ ಮಾಡಿದ್ದನ್ನ ಅವರಮ್ಮನ ಮುಂದ ಬಿಡಿಸಿ ಹೇಳಿದೆ, 1ನೂ ಹಚ್ಚಿದಿ 7ನೂ ಹಚ್ಚಿದಿ, ಹನ್ನೊಂದು ಸಲ ಬಿಡಲಿಲ್ಲ, ಪುಗ್ಗಾ ಎತ್ತಿಸಿದಿ, ಅಂತ. ಬರೇ ಶಾಣ್ಯಾ ಹುಡುಗಿ ಅಂದ್ರ ಮಕ್ಕಳು ನಕ್ಕು ಬಿಡ್ತಾವ, ಹಿಂಗ ಒಂದೊಂದ ಹೇಳಿದ್ರ ನೆಟ್ಟಗಾಗಿ ನಿಂತು ಕೇಳ್ತಾವ. ಪುಗ್ಗಾದವ್ನ ಹತ್ರ ನಾಲ್ಕು ಪುಗ್ಗಾ ತುಗೊಂಡೆ, ಅವನೂ ಅಷ್ಟೊತ್ತು ಯಾಪಾರ ಬಿಟ್ಟು ಕೋಲು ಎತ್ತಿದ್ದ. ಸ್ವೆಟರ್ ಝಾಡಿಸಿ ಮಡಚಿ ಕೊಟ್ವಿ. ಫೋಟೋ ತಗ್ಯಾಕ ಮನಸ್ಸಾಗಿತ್ತು, ಬಿಟ್ಟೆ, ಬ್ಯಾರೇದವ್ರ ಮಗಳು, ಸ್ಟೇಟಸ್ಸಿಗೆ ಹಾಕೂದು ಚೊಲೊ ಅಲ್ಲ. ಜೋಕಾಲಿ ಕೊಡಸ್ತೀನಿ ಬಾ ಅಂತ ಕರ್ಕೊಂಡು ಹೋಗೋದೂ ಬ್ಯಾಡ, ನೀವು ಎಷ್ಟ ಒಳ್ಳೇವ್ರಿದ್ರೂ ಆ ಹುಡುಗಿಗೆ ನೀವು ಗುರ್ತಿಲ್ಲದಾವ್ರ.

ತೇರು ಮುಗದ ಮ್ಯಾಲೆ ಒಮ್ಮೆಲೆ ಎಲ್ಲಾರೂ ಎದ್ದು ಹೊಂಡ್ತಾರ, ಆಗ ನೀವು ಹೊಂಡಬ್ಯಾಡ್ರಿ, ಒಂದು ತಾಸು ಕುಂತು ಬಿಡ್ರಿ. ಹಂಗ ಕುಂತಾಗನ ಹುಡುಗಿ ಮತ್ತ ಬಂದು ಆ ನಾಟಕದ ಹೆಸರೇನು ಅಂತ ಅವ್ವನ್ನ ಕೇಳಿದ್ಲು, ಅವ್ವಗ ಅದೂ ನೆಪ್ಪಿರ್ಲಿಲ್ಲ.

ಈ ವರ್ಷ ಜನವರಿ 3ಕ್ಕ ಮತ್ತ ಹೋಗಿದ್ವಿ. ಶಾಲು ಹೆಗಲ ಮ್ಯಾಲೆ, ಚೀಟಿ ಸೆರಗಿನ್ಯಾಗ, ಫೋನ್ ಅವ್ವನ ಕೊಳ್ಳಾಗ ದಾರಾ ಕಟ್ಟಿ. ಅವ್ವ ಗುಡಿಗಿ ಹೋಗಿ ಬಂದಾಕಿನ ರೊಟ್ಟಿ ಸಾಲಿನ ಕಡೆ ನಡದ್ಲು, ಮೊಣಕಾಲಿನ ನೆಪ್ಪ ಇರ್ಲಿಲ್ಲ ಆಕಿಗೆ. ಅಮ್ಮ ಅದ ಜಾಗಾದಾಗ ಇದ್ಲು, ಹುಡುಗಿ ಒಂದು ಗೇಣು ಉದ್ದ ಆಗ್ಯಾಳ. ನಮ್ಮವ್ವನ್ನ ಚೀಲದ ಮ್ಯಾಲೆ ಕುಂದ್ರಿಸಿ, ಮೊಸರಿನ ಮಡಿಕಿ ಕೈಯಾಗ ಕೊಟ್ಟು, "ಅಮ್ಮಾ, ಆ ರಾಣಿ ಅಡವ್ಯಾಗ ಏನ ಮಾಡಿದ್ಲು ಅಂತ ನಾ ಹೇಳ್ತೀನಿ ಕೇಳು, ನಿದ್ದಿ ಮಾಡಬ್ಯಾಡ ಮತ್ತ" ಅಂತ ಶುರು ಮಾಡಿದ್ಲು.